ಈಗ ಭಾವನದು, ಆಮೇಲೆ ಅಕ್ಕನದು

ಪಿಂಚಣಿ ಕಚೇರಿಯ ಸಾಲಿನಲ್ಲಿದ್ದ ಅರವತ್ತೆರಡರ ನರ್ಸಮ್ಮನ ಅರ್ಜಿಯಲ್ಲಿ ಎರಡು ಚೌಕಗಳಿದ್ದವು: ತನ್ನ ಪಿಂಚಣಿ, ತೀರಿಹೋದ ಗಂಡನ ಪಿಂಚಣಿ. ಒಂದಕ್ಕೆ ಮಾತ್ರ ಗುರುತು ಹಾಕಬೇಕಿತ್ತು. ಜೊತೆಗೆ ಬಂದಿದ್ದ ತಂಗಿಯ ಗೊಣಗಾಟ ಹಿಂದೆ ನಿಂತವರಿಗೂ ಕೇಳುತ್ತಿತ್ತು.

“ನಿಂದೇ ತಗೊಳ್ಳೇ ಅಕ್ಕ. ಮೂವತ್ತು ವರ್ಷ ದುಡಿದಿದ್ದೀಯ.”

“ಸದ್ಯಕ್ಕೆ ನಿಮ್ಮ ಭಾವಂದು ಸಾಕು. ನಂದು ಮುಟ್ಟದೆ ಬಿಟ್ರೆ ಎಪ್ಪತ್ತರ ತನಕ ಬೆಳೆಯುತ್ತಂತೆ. ಆಗ ಅದಕ್ಕೆ ಬದಲಾಯಿಸ್ಕೋತೀನಿ.”

“ಪಾಪ, ಸತ್ತ ಮೇಲೂ ಭಾವನ ಕೈಲಿ ದುಡಿಸ್ತೀಯಲ್ಲೇ!”

“ಇದ್ದಾಗ ಒಂದು ಲೋಟ ತೊಳೆದವರಲ್ಲ. ಈಗ ಎಂಟು ವರ್ಷ ಮನೆ ನಡೆಸಲಿ.”

“ಎಪ್ಪತ್ತರ ತನಕ ನೀನಿರಬೇಕಲ್ಲ?”

“ಇರದೆ ಏನು? ಅವರು ಅಲ್ಲಿ ಕಾಯ್ತಾರೆ ಬಿಡು. ನಾನು ಡ್ಯೂಟಿ ಮುಗಿಸಿ ಬರೋ ತನಕ ಊಟಕ್ಕೇ ಕೂತವರಲ್ಲ.”

ನಂಬರು ಕೂಗಿದರು. ನರ್ಸಮ್ಮ ಗಂಡನ ಚೌಕಕ್ಕೆ ಗುರುತು ಹಾಕಿ, ಕಿಟಕಿಯ ಕಡೆಗೆ ನಡೆದರು.