ಬಾವಿಯವರೆಗೆ ಬಂದವನು

ಮೊದಲು ಕೇಳಿಸಿದ್ದು ಹೆಜ್ಜೆ ಸದ್ದಂತೆ.

ನನ್ನ ದೊಡ್ಡಪ್ಪನ ಮಗಳು, ನಮ್ಮ ಅಕ್ಕ, ಕಣಿವೆ ಕಡೆಯಿಂದ ಲಾಡ್ಜಿಗೆ ವಾಪಸ್ ಬರ್ತಾ ಇದ್ಲು. ಕತ್ತಲಾಗಿತ್ತು. ಆ ಕಾಲುದಾರಿ ಒಂದು ಹಳೇ ಬಾವಿಯನ್ನ ಬಳಸಿಕೊಂಡು ಮೇಲಕ್ಕೆ ಹತ್ತುತ್ತೆ. ಭಾವ ರೂಮಿನ ಮುಂದೆ, ದೀಪಾನೂ ಹಾಕದೆ, ಸ್ಟೂಲಿನ ಮೇಲೆ ಒಂದು ಕಾಲು ಚಾಚಿಕೊಂಡು ಕೂತಿದ್ರು. ಅಕ್ಕನ ಚಪ್ಪಲಿ ಸದ್ದು ಅವರಿಗೆ ಚೆನ್ನಾಗಿ ಗೊತ್ತು. ಚಟ್… ಚಟ್… ಚಟ್… ಹಿಮ್ಮಡಿಗೆ ಬಡಿಯೋ ಸದ್ದು. ಆದರೆ ಅದರ ಜೊತೆ ಇನ್ನೊಂದಿತ್ತು. ಸರ್… ಧಪ್. ಸರ್… ಧಪ್. ತರಗೆಲೆ ಮೇಲೆ ಒಂದು ಕಾಲು ಎಳೆದು, ಇನ್ನೊಂದು ಕಾಲು ಊರಿದ ಹಾಗೆ.

ಬಾವಿ ಹತ್ತಿರ ಎರಡೂ ನಿಂತ್ವು.

"ನಾಳೆ?" ಅಂತ ಅಕ್ಕ ಪಿಸುಗುಟ್ಟಿದ್ದು ಕೇಳಿಸಿತು.

"ಹೂಂ…" ಅಂತು ಒಂದು ಗಂಡಸಿನ ದನಿ.

ಆಮೇಲೆ ಮೇಲೆ ಬಂದದ್ದು ಚಟ್ ಚಟ್ ಒಂದೇ.

ನಗಬೇಡಿ. ಇದನ್ನ ನನಗೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದ್ದಾರೆ, ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದ ಹಾಗೆ. ಒಂದು ಕೂದಲೆಳೆಯಷ್ಟೂ ವ್ಯತ್ಯಾಸ ಇರಲಿಲ್ಲ. ಅದರಲ್ಲೂ ಭಾವ ಕತೆ ಕಟ್ಟೋ ಜಾತಿಯವರೇ ಅಲ್ಲ. ಲಿಫ್ಟ್ ರಿಪೇರಿ ಮಾಡೋ ಮನುಷ್ಯ. ದಿನಕ್ಕೆ ಹತ್ತು ಮಾತಾಡಿದ್ರೆ ಅವತ್ತು ಮೈಯಲ್ಲಿ ಹುಷಾರಿಲ್ಲ ಅಂತ ಲೆಕ್ಕ. "ಲಿಫ್ಟಾದ್ರೂ ಬಾಗಿಲು ಹಾಕಿ ಅನ್ನುತ್ತೆ, ಇವರು ಅದೂ ಅನ್ನಲ್ಲ" ಅಂತ ಅಕ್ಕ ನಗಾಡ್ತಿದ್ಲು.

ಮಾತಿಲ್ಲ, ಆದರೆ ಒಳಗೊಳಗೇ ಹೊಟ್ಟೆಕಿಚ್ಚು ವಿಪರೀತ. ಅಕ್ಕ ಕೆಲಸ ಮಾಡೋದು ಕನ್ನಡಕದ ಅಂಗಡಿಯಲ್ಲಿ. ಬಂದವರ ಮುಖಕ್ಕೆ ಕನ್ನಡಕ ಇಟ್ಟು, ಕಿವಿ ಹಿಂದೆ ಬೆರಳು ಆಡಿಸಿ, "ಒತ್ತುತ್ತಾ ಸಾರ್?" ಅಂತ ಕೇಳಬೇಕು. ಅದು ಕೆಲಸ ತಾನೆ? ಭಾವ ಎದುರುಗಡೆ ಫುಟ್‌ಪಾತಿನಲ್ಲಿ ನಿಂತು ಗಾಜಿನೊಳಗೆ ನೋಡ್ತಿದ್ರಂತೆ. ಅಕ್ಕನಿಗೂ ಗೊತ್ತಿತ್ತು. ಹನ್ನೊಂದು ವರ್ಷ ಹೀಗೇ. ಒಂದು ದಿನವೂ ಬಾಯಿಬಿಟ್ಟು ಕೇಳಿದ್ದಿಲ್ಲ, ಜಗಳ ಆಡಿದ್ದಿಲ್ಲ. ರಾತ್ರಿ ಊಟಕ್ಕೆ ಕೂತಾಗ ತಟ್ಟೆ ಸ್ವಲ್ಪ ಜೋರಾಗಿ ಇಡೋರು, ಅಷ್ಟೇ.

ಆ ವರ್ಷ ಇಬ್ಬರಿಗೂ ಒಟ್ಟಿಗೆ ರಜೆ ಸಿಕ್ತು. ನಾಲ್ಕು ದಿನ ಅಂತ ಗುಡ್ಡಗಳ ನಡುವಿನ ಆ ಲಾಡ್ಜಿಗೆ ಹೋದ್ರು. ಸುತ್ತ ಕಾಡು, ಕೆಳಗೆ ಕಣಿವೆ, ಕಣಿವೆಯಲ್ಲಿ ಒಂದು ಸಣ್ಣ ತೊರೆ. ಆರೇ ರೂಮು. ಇವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಬಸ್ಸಿಂದ ಇಳಿಯುವಾಗಲೇ ಭಾವನ ಕಾಲು ಉಳುಕಿ, ಪಾದ ಬನ್ನಿನ ಹಾಗೆ ಊದಿಕೊಳ್ತು. ಸಂಜೆ ಅಕ್ಕ ತೊರೆ ನೋಡಿ ಬರೋಣ ಅಂದಾಗ, "ನೀನು ಹೋಗು" ಅಂದ್ರು. ಅವತ್ತಿನ ಸಂಜೆಯದ್ದೇ ನಾನು ಮೊದಲು ಹೇಳಿದ್ದು.

ಅಕ್ಕ ಒಳಗೆ ಹೋಗಿ ದೀಪ ಹಾಕಿದಾಗ ಮುಖ ಕೆಂಪಾಗಿತ್ತು. ತಲೆಯಲ್ಲಿ ಯಾವುದೋ ಸಣ್ಣ ಬಿಳಿ ಕಾಡುಹೂವು. ಭಾವನ ಕಡೆ ನೋಡಿ ಒಂಥರಾ ನಕ್ಕಳು. ಮದುವೆಯಾದ ಹೊಸದರಲ್ಲಿ ನಗ್ತಿದ್ದ ಹಾಗೆ.

"ಯಾರಿಟ್ಟರು ಹೂವು?"

"ಇದೊಂದು ಬೇರೆ!" ಅಂದು ಅಕ್ಕ ಮುಖ ತೊಳೆಯೋಕೆ ಹೋದ್ಲು.

ಭಾವ ಕುಂಟುತ್ತಾ ಎದ್ದು, ಕುರ್ಚಿ ಮೇಲಿದ್ದ ಅವಳ ಶಾಲನ್ನ ಮೂಸಿ ನೋಡಿದ್ರಂತೆ. ಹೇಳೋಕೆ ನಾಚಿಕೆಯಾಗುತ್ತೆ ಕಣೋ ಅಂದ್ರು ನನಗೆ. ಆದರೂ ಮೂಸಿದ್ರು. ಬೇರೆ ಗಂಡಸಿನ ವಾಸನೆ ಸಿಗುತ್ತೆ ಅಂತ. ಒದ್ದೆ ಎಲೆ ವಾಸನೆ ಇತ್ತು. ಅದರಡಿ ತನ್ನದೇ ತಲೆಗೆಣ್ಣೆ ವಾಸನೆ. ಬೇರೆ ಏನೂ ಇಲ್ಲ. ಸಮಾಧಾನ ಆಗಬೇಕಿತ್ತು ಅಲ್ವಾ? ಇನ್ನೂ ಉರಿಯಿತು.

ಮಾರನೇ ಬೆಳಗ್ಗೆ ಲಾಡ್ಜಿನ ಯಜಮಾನಿ ಹತ್ತಿರ ಹೋದ್ರು. ಅರವತ್ತರ ಆಸುಪಾಸಿನ ಹೆಂಗಸು, ಕೌಂಟರಿನ ಹಿಂದೆ ದಿಂಬಿನ ಕವರಿಗೆ ಗುಂಡಿ ಹಾಕ್ತಾ ಕೂತಿದ್ರು.

"ಇಲ್ಲಿ ಬೇರೆ ಗಂಡಸರು ಯಾರಿದಾರೆ?"

"ಅಡುಗೆಯವರು ನಾಲ್ಕು ಗಂಟೆಗೆ ಮನೆಗೆ ಹೋಗಿಬಿಡ್ತಾರೆ. ಅದಾದ ಮೇಲೆ ನೀವೊಬ್ಬರೇ."

ಭಾವ ತಿರುಗಿ ಹೊರಟ್ರು. ಆಕೆ ದಾರ ಕಚ್ಚಿ ಕಿತ್ತು, ತಲೆ ಎತ್ತದೇ ಅಂದ್ರು: "ಕಣಿವೆ ಕಡೆ ಹೋಗೋದಾದ್ರೆ ಇಬ್ಬರೂ ಜೊತೇಲೇ ಹೋಗಿ. ಜೊತೇಲೇ ಬನ್ನಿ."

"ಯಾಕೆ?"

"ಒಬ್ಬರೇ ಹೋದವರು ಒಬ್ಬರೇ ಬರಲ್ಲ… ಅಷ್ಟೇ. ಕಾಲಿಗೆ ಬಿಸಿನೀರು ಕಳಿಸಲಾ?"

ಭಾವನಿಗೆ ಆ ಮಾತು ತಲೆಗೆ ಹೋಗಲಿಲ್ಲ. ಹೊಟ್ಟೆ ಉರೀತಿರುವಾಗ ಕಿವಿ ಎಲ್ಲಿ ಕೇಳುತ್ತೆ?

ಈಗ ಅಕ್ಕನ ಕಡೆಯದ್ದು ಕೇಳಿ. ಅಕ್ಕ ಹೇಳಿದ್ದು ಇಷ್ಟು. ಮೊದಲ ಸಂಜೆ ಹತ್ತು ನಿಮಿಷ ನಡೆದಿದ್ದಳಂತೆ. ಹಿಂದಿನಿಂದ ಸರ್… ಧಪ್… ಸರ್… ಧಪ್… ತಿರುಗಿ ನೋಡಿದ್ರೆ ಭಾವ. ಅದೇ ಬೂದು ಸ್ವೆಟರು, ಅದೇ ಕುಂಟು ಕಾಲು. "ಕಾಲು ನೋವು ಅಂದ್ರಿ?" ಅಂದ್ಲು. "ನೀನೊಬ್ಬಳೇ ಹೋಗೋದು ನೋಡೋಕಾಗಲಿಲ್ಲ" ಅಂದ್ರಂತೆ. ಅಕ್ಕನಿಗೆ ಕಾಲು ನೆಲದ ಮೇಲಿರಲಿಲ್ಲ. ಹನ್ನೊಂದು ವರ್ಷದಲ್ಲಿ ಆ ಬಾಯಿಂದ ಅಂಥ ಒಂದು ಮಾತು ಬಂದಿರಲಿಲ್ಲ. ತೊರೆ ಪಕ್ಕ ಬಂಡೆ ಮೇಲೆ ಕೂತು ಮಾತಾಡಿದ್ದೂ ಮಾತಾಡಿದ್ದೇ. ವಾಪಸ್ ಬರುವಾಗ ಬಾವಿ ಹತ್ತಿರ ನಿಂತು, "ನೀನು ನಡಿ, ನಾನು ಹಿಂದಿನ ಮೆಟ್ಟಿಲಿಂದ ಬರ್ತೀನಿ" ಅಂದ್ರು. ಅಕ್ಕ ಮೇಲೆ ಬಂದು ನೋಡಿದ್ರೆ ಭಾವ ಆಗಲೇ ಕುರ್ಚಿಯಲ್ಲಿ, ಬಾಯಿಗೆ ಬೀಗ ಹಾಕ್ಕೊಂಡು.

"ನಿನಗೆ ಅನುಮಾನ ಬರಲಿಲ್ವಾ ಅಕ್ಕ?" ಅಂತ ನಾನೇ ಕೇಳಿದ್ದೀನಿ.

"ನಾಚಿಕೆ ಸ್ವಭಾವ, ರೂಮಿಗೆ ಬಂದ ಕೂಡಲೇ ಮತ್ತೆ ಮೊದಲಿನ ಹಾಗೇ ಆಗ್ತಾರೆ ಅಂದುಕೊಂಡೆ. ಕೇಳಿದ್ರೆ… ಎಲ್ಲಿ ಅದೂ ನಿಂತುಹೋಗುತ್ತೋ ಅಂತ ಭಯ ಕಣೋ" ಅಂದ್ಲು.

ಹೀಗೆ ಇವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಎರಡನೇ ಸಂಜೆ ಅಕ್ಕ ಹೋಗಿ ಬಂದ್ಲು. ಮತ್ತೆ ಅದೇ ಎರಡು ಸದ್ದು, ಬಾವಿ ಹತ್ತಿರ ಅದೇ ಪಿಸುಮಾತು. ಆದರೆ ಆ ರಾತ್ರಿ ಅಕ್ಕ ಮಂಚದ ಅಂಚಿಗೆ ಕೂತು, ಭಾವನ ಊದಿದ ಕಾಲನ್ನ ತನ್ನ ತೊಡೆ ಮೇಲಿಟ್ಟುಕೊಂಡು, ಮೆಲ್ಲಗೆ ಅಂದ್ಲು: "ನಿಮ್ಮಮ್ಮನ ವಿಷಯ ಇಷ್ಟು ದಿನ ಯಾಕೆ ಹೇಳಲಿಲ್ಲ ನನಗೆ?"

"ಯಾವ ವಿಷಯ?"

"ಆಸ್ಪತ್ರೆಯಲ್ಲಿ… ಕೊನೇ ದಿನ ನಿಮ್ಮನ್ನ ನಿಮ್ಮಣ್ಣ ಅಂದುಕೊಂಡು ಕರೆದದ್ದು. ನೀವು ಅಣ್ಣನ ಹಾಗೇ ಹೂಂ ಅಂದದ್ದು."

ಭಾವ ಕಾಲನ್ನ ಅವಳ ತೊಡೆಯಿಂದ ಎಳೆದುಕೊಂಡ್ರು. ಅದು ಅವರಿಗೆ ಹದಿನಾಲ್ಕು ವರ್ಷವಾಗಿದ್ದಾಗ ನಡೆದದ್ದು. ವಾರ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ. ತೀರಿಹೋದ ಅಮ್ಮನನ್ನ ಬಿಟ್ರೆ ಈ ಭೂಮಿ ಮೇಲೆ ಇನ್ನೊಂದು ಜೀವಕ್ಕೆ ಗೊತ್ತಿರಲಿಲ್ಲ.

"ಯಾರು ಹೇಳಿದ್ದು ನಿನಗೆ?"

ಅಕ್ಕ ಅವರ ಮುಖ ನೋಡಿದ್ಲು. "ನೀವೇ. ಈಗ ತಾನೇ, ತೊರೆ ಹತ್ತಿರ."

ಭಾವ ಕೈ ಚಾಚಿ ದೀಪ ಆರಿಸಿದ್ರು. ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲವಂತೆ. ಹೊರಗೆ ಬಾವಿಯ ರಾಟೆ ಕಿರ್ರ್… ಕಿರ್ರ್… ಅಂತಿತ್ತು. ಬೆಳಗ್ಗೆ ನೋಡಿದ್ರೆ ಆ ರಾಟೆಗೆ ಹಗ್ಗವೇ ಇಲ್ಲ.

ಮೂರನೇ ಸಂಜೆ ಅಕ್ಕ ಹೊರಟಾಗ ಭಾವ ಸುಮ್ಮನಿದ್ರು. ಬೆಳಕು ಇಳಿಯೋವರೆಗೂ ಕಾದು, ಒಂದು ಕೋಲು ಊರಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಬಾವಿವರೆಗೂ ಇಳಿದ್ರು. ಕಟ್ಟೆಯ ಹಿಂದೆ ಕುಕ್ಕರಗಾಲಿನಲ್ಲಿ ಕೂತ್ರು. ಕಾಲು ಜೀವ ಹೋಗೋ ಹಾಗೆ ನೋಯ್ತಿತ್ತು.

ಬಂತು ಸದ್ದು. ಚಟ್… ಚಟ್… ಸರ್… ಧಪ್…

ಮಾತೂ ಕೇಳಿಸ್ತು. ತನ್ನದೇ ದನಿ. ಕನ್ನಡಕದ ಅಂಗಡಿ ಎದುರು ನಿಂತು ನೋಡ್ತಿದ್ದದ್ದನ್ನ ಹೇಳ್ತಾ ಇತ್ತು. "ನಿನ್ನ ಮೇಲೆ ಅನುಮಾನ ಅಲ್ಲ. ನಿನ್ನ ಬೆರಳು ನನ್ನ ಕಿವಿ ಹಿಂದೆ ಯಾವತ್ತೂ ಬರಲಿಲ್ಲವಲ್ಲ ಅಂತ…" ಅಕ್ಕ ನಗ್ತಿದ್ಲು, ಅಳ್ತಾನೂ ಇದ್ಲು.

"ಮೊದಲು ನನಗೆ ಭಯ ಆಗಲಿಲ್ಲ ಕಣೋ," ಅಂದ್ರು ಭಾವ ನನಗೆ. "ಹೊಟ್ಟೆ ಉರೀತು. ಹೊಟ್ಟೆಗೆ ಕೆಂಡ ಸುರಿದ ಹಾಗೆ. ಅವು ನನ್ನ ಮಾತು. ಎಂದಾದರೂ ಒಂದು ದಿನ ಅವಳಿಗೆ ಹೇಳಬೇಕು ಅಂತ ಹನ್ನೊಂದು ವರ್ಷ ಇಟ್ಟುಕೊಂಡಿದ್ದು. ಅವನು ಒಂದೊಂದಾಗಿ ಖಾಲಿ ಮಾಡ್ತಾ ಇದ್ದ."

ಭಾವ ಎದ್ದು ನಿಂತು ಟಾರ್ಚ್ ಹಾಕಿದ್ರು.

ಅಕ್ಕ ತಿರುಗಿ ನೋಡಿದ್ಲು. ಇತ್ತ ಒಬ್ಬರು, ಅತ್ತ ಒಬ್ಬರು. ಅದೇ ಸ್ವೆಟರು, ಅದೇ ಮುಖ. ಇತ್ತ ಇದ್ದವರು ಬೆವೆತು, ಬಾಯಿ ತೆರೆದು, ಕೋಲಿನ ಮೇಲೆ ಭಾರ ಹಾಕಿ ನಿಂತಿದ್ರು. ಅತ್ತ ಇದ್ದವನು ಮೆತ್ತಗೆ ಕೈ ಚಾಚಿ ಅಂದ: "ಅವನ ಕಡೆ ನೋಡಬೇಡ… ಬಾ. ಇನ್ನೂ ಎಷ್ಟೋ ಹೇಳೋದಿದೆ."

ಈ ಒಂದು ಮಾತನ್ನ ಅಕ್ಕ ನನಗೆ ಮಾತ್ರ ಹೇಳಿದ್ದು. ಯಾರು ಯಾರು ಅನ್ನೋದು ಆ ಕ್ಷಣವೇ ಗೊತ್ತಾಗಿತ್ತಂತೆ ಅವಳಿಗೆ. ಗೊತ್ತಾಗಿಯೂ ಅವಳ ಕಾಲು ಅತ್ತ ಕಡೆ ಒಂದು ಹೆಜ್ಜೆ ಹೋಯ್ತು.

ಭಾವ ಆ ಹೆಜ್ಜೆ ನೋಡಿದ್ರು.

ಕೋಲನ್ನ ಒಂದು ಹೆಜ್ಜೆ ಮುಂದಕ್ಕೆ ಊರಿದ್ರು. ಆ ಇನ್ನೊಬ್ಬ ಹೇಳಿದ್ದರಲ್ಲಿ ಕಾಲು ಭಾಗದಷ್ಟು ಚೆಂದದ ಮಾತೂ ಹೊಳೆಯಲಿಲ್ಲ ಅವರಿಗೆ. ಕೊನೆಗೆ, "ಕಾಲು ನೋಯ್ತಿದೆ ಕಣೇ…" ಅಂದ್ರು. "ಇಳಿದುಬಿಟ್ಟೆ. ಹತ್ತೋಕಾಗಲ್ಲ, ನೀನಿಲ್ಲದೆ."

ಅಷ್ಟೇ.

ಅಕ್ಕ ಬಂದು ಅವರ ತೋಳನ್ನ ತನ್ನ ಹೆಗಲ ಮೇಲೆ ಹಾಕಿಕೊಂಡ್ಲು. ತೋಳು ಬಿಸಿ ಇತ್ತು, ಭಾರ ಇತ್ತು. ಮೂರು ದಿನ ಪಕ್ಕದಲ್ಲೇ ನಡೆದವನ ಕೈ ಒಮ್ಮೆಯೂ ತನಗೆ ತಾಗಿರಲಿಲ್ಲ ಅನ್ನೋದು ಅವಳಿಗೆ ಆಗ ನೆನಪಾಯ್ತು. ಹೂವನ್ನೂ ಅವನು ತೋರಿಸಿದ್ದ, ಕಿತ್ತು ಮುಡಿದುಕೊಂಡವಳು ಅವಳೇ.

"ಅವನು ಏನು ಮಾಡಿದ?" ಅಂತ ಭಾವನನ್ನ ಕೇಳಿದೆ.

"ನಿಂತಿದ್ದ. ಟಾರ್ಚ್ ಬೆಳಕಲ್ಲಿ ಮುಖ ನೋಡಿದೆ. ಕೋಪ ಇರಲಿಲ್ಲ… ಫುಟ್‌ಪಾತಿನಲ್ಲಿ ನಿಂತಾಗ ನನ್ನ ಮುಖ ಹೇಗಿರುತ್ತೆ ಅಂತ ನಾನು ಯಾವತ್ತೂ ನೋಡಿರಲಿಲ್ಲ. ಅವತ್ತು ನೋಡಿದೆ."

ಇಬ್ಬರೂ ತಿರುಗಿ ನೋಡದೆ ಹತ್ತಿದ್ರು. ಹಿಂದೆ ಸರ್… ಧಪ್… ಸರ್… ಧಪ್… ಬಾವಿ ಕಟ್ಟೆಯನ್ನ ಸುತ್ತುತ್ತಾ ಇತ್ತು. ಮೇಲೆ ಬರಲಿಲ್ಲ. ಬಾಗಿಲು ಹಾಕಿ ಚಿಲಕ ಬಿಗಿದ ಮೇಲೂ, ಕೆಳಗಿನಿಂದ ಭಾವನ ದನಿಯಲ್ಲಿ ಅಕ್ಕನ ಹೆಸರು ಕೇಳ್ತಿತ್ತು. ಒಂದು ಸಲ, ತುಂಬ ಹೊತ್ತು ಬಿಟ್ಟು ಇನ್ನೊಂದು ಸಲ. ಭಾವ ಬೆಳಗಿನವರೆಗೂ ಅಕ್ಕನ ಎರಡೂ ಕಿವಿ ಮುಚ್ಚಿ ಹಿಡಿದಿದ್ರು. ಬೆಳಕು ಹರಿದ ಮೇಲೆ ಮೊದಲ ಬಸ್ಸಿಗೆ ಹೊರಟುಬಂದ್ರು. ಯಜಮಾನಿ ಬ್ಯಾಗನ್ನ ಬಸ್ಸಿನವರೆಗೂ ತಾವೇ ಹೊತ್ತು ತಂದ್ರು.

ಊರಿಗೆ ಬಂದ ಮೇಲೆ ಭಾವ ಸ್ವಲ್ಪ ಸ್ವಲ್ಪ ಮಾತಾಡೋಕೆ ಶುರು ಮಾಡಿದ್ರು. ಒರಟೊರಟಾಗಿ, ತಡವರಿಸಿಕೊಂಡು. ಒಂದು ವಿಷಯ ಶುರು ಮಾಡಿದ್ರೆ ಅಕ್ಕ ಕೆಲವು ಸಲ, "ಇದು ಗೊತ್ತು, ಹೇಳಿದ್ದೀರಿ" ಅಂದುಬಿಡ್ತಿದ್ಲು. ಭಾವನ ಮುಖ ಕಪ್ಪಿಡ್ತಿತ್ತು. ಅಕ್ಕ ನಾಲಿಗೆ ಕಚ್ಚಿಕೊಳ್ತಿದ್ಲು.

ಇದೆಲ್ಲ ಅವರು ಹೇಳಿದ್ದು. ಇನ್ನು ಮುಂದಿನದು ನಾನೇ ಕಿವಿಯಾರೆ ಕೇಳಿದ್ದು, ಯಾರ ಮುಂದೆ ಬೇಕಾದರೂ ಹೇಳ್ತೀನಿ.

ಒಂದೂವರೆ ತಿಂಗಳಾಗಿತ್ತು. ಭಾನುವಾರ ಮಧ್ಯಾಹ್ನ, ನಾನು ಅವರ ಮನೆಯಲ್ಲೇ ಊಟಕ್ಕೆ ಕೂತಿದ್ದೆ. ಭಾವ ನನ್ನ ಎದುರಿಗೆ. ಅಕ್ಕನ ಕೈ ಎಂಜಲಾಗಿತ್ತು, ಫೋನ್ ಬಂದಾಗ ಮೊಣಕೈಯಲ್ಲಿ ಒತ್ತಿ ಸ್ಪೀಕರಿಗೆ ಹಾಕಿದ್ಲು. ಲಾಡ್ಜಿನ ಯಜಮಾನಿ.

"ಏನಿಲ್ಲಮ್ಮ… ನಿಮ್ಮ ಯಜಮಾನರು ಅಲ್ಲೇ ನಿಮ್ಮ ಜೊತೆ ಇದಾರಾ?"

"ಇಲ್ಲೇ ಇದಾರೆ. ಊಟ ಮಾಡ್ತಿದಾರೆ. ಯಾಕೆ?"

ಆ ಕಡೆ ಬೀಗದ ಕೈಗೊಂಚಲು ಸದ್ದಾಯ್ತು.

"ಸರಿ ಹಾಗಾದ್ರೆ… ಇಲ್ಲಿ ಬಂದು ಕೂತಿರೋರು ಅವರಲ್ಲ. ನೀವಿದ್ದ ರೂಮಿಗೆ ಬೀಗ ಹಾಕಿಬಿಡ್ತೀನಿ."

ಭಾವನ ತುತ್ತು ಕೈಯಲ್ಲೇ ಇತ್ತು. ಅಕ್ಕ ಫೋನಿಗೆ ಇನ್ನೂ ಹತ್ತಿರ ಬಗ್ಗಿ, ತುಂಬ ಸಣ್ಣ ದನಿಯಲ್ಲಿ ಕೇಳಿದ್ಲು:

"ಊಟ ಏನಾದ್ರೂ ಮಾಡಿದ್ರಾ… ಅವರು?"

ಭಾವ ತಟ್ಟೆಯನ್ನ ಜೋರಾಗಿ ಕೆಳಗಿಟ್ಟರು.