ಸೊಣ್ಣಪ್ಪನವರ ಸೊಪ್ಪಿನ ಮಡಿ ಮತ್ತು ಗೊಬ್ಬರದ ಚರಿತ್ರೆ

ವೇದಿಕೆಯನ್ನು ತುಂಬಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಈ ಸಂಜೆಯ ಸನ್ಮಾನಿತರೂ ನಮ್ಮ ಮನೆಯ ಮಾಲೀಕರೂ ಆದ ಶ್ರೀ ಸೊಣ್ಣಪ್ಪನವರೇ, ನಿವಾಸಿಗಳ ಸಂಘದ ಕಾರ್ಯದರ್ಶಿ ದೇವರಾಜ್ ಅವರೇ, ಮೊದಲ ಶಿಫ್ಟ್ ಮುಗಿಸಿ ಮನೆಗೂ ಹೋಗದೆ ನೇರವಾಗಿ ಇಲ್ಲಿಗೆ ಬಂದು ಕುರ್ಚಿಯಲ್ಲೇ ತೂಕಡಿಸುತ್ತಿರುವ ನನ್ನ ಪ್ರೀತಿಯ ಸಭಿಕರೇ,

ನಿನ್ನೆ ರಾತ್ರಿ ಮೂರು ಗಂಟೆಗೆ ನನಗೆ ಎಚ್ಚರವಾಯಿತು. ಎಬ್ಬಿಸಿದ್ದು ನಮ್ಮ ಮನೆಯ ಹಿಂದಿನ ತೋಟದ ಬೋರ್‌ವೆಲ್ ಮೋಟಾರಿನ ಸದ್ದು. ಬಾಡಿಗೆದಾರರು ಎದ್ದು ನೀರು ಹಿಡಿಯುವ ಮೊದಲೇ ಸೊಪ್ಪು ಕುಡಿದುಬಿಡಲಿ ಎಂದು, ಟಾರ್ಚ್ ಹಿಡಿದು ಮಡಿ ಮಡಿಗೂ ನೀರು ಹಾಯಿಸುವ ಮಹನೀಯರು ಈ ಪೀಣ್ಯದಲ್ಲಿ ಎಷ್ಟು ಜನರಿದ್ದಾರೆ ಹೇಳಿ? ಒಬ್ಬರೇ. ಆ ಒಬ್ಬರಿಗೆ ಈಗ ನಿಮ್ಮೆದುರು ‘ಮಣ್ಣಿನ ಮಗ’ ಎಂಬ ಬಿರುದು ಕೊಟ್ಟಿದ್ದೇವೆ. ಶಾಲು ಹೊದಿಸಿದ್ದೇವೆ. ಹಣ್ಣಿನ ಬುಟ್ಟಿ ಕೊಟ್ಟಿದ್ದೇವೆ. ಬುಟ್ಟಿಯಲ್ಲಿ ಸೇಬು, ಕಿತ್ತಳೆ ಇವೆಯೇ ಹೊರತು ಸೊಪ್ಪಿಲ್ಲ ಎನ್ನುವುದನ್ನು ಗಮನಿಸಿದ್ದೇನೆ. ಸಂಘದವರ ಮುಂದಾಲೋಚನೆಗೆ ನನ್ನ ಅಭಿನಂದನೆಗಳು.

ದೇವರಾಜ್ ಅವರು ಮೊನ್ನೆ ನಮ್ಮ ಮನೆಗೆ ಬಂದು, “ಮೇಡಂ, ನೀವು ಮಣ್ಣಿನ ಸೈನ್ಸು ಓದಿದೀರಂತೆ. ಗೊಬ್ಬರದ ಹಿಸ್ಟರಿ ಬಗ್ಗೆ ಒಂದತ್ತು ನಿಮಿಷ ಮಾತಾಡ್ಬಿಡಿ. ಸೈನ್ಸು ಸ್ವಲ್ಪ ಇರ್ಲಿ, ಸೊಣ್ಣಪ್ಪನೋರು ಜಾಸ್ತಿ ಇರ್ಲಿ” ಎಂದರು. ನಾನು ಕೃಷಿ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ಆ ಪದವಿಯಿಂದ ಈವರೆಗೆ ಆಗಿರುವ ಉಪಯೋಗವೆಂದರೆ, ಮಗಳ ಅಂಗಿಯ ಮೇಲಿನ ಕಲೆ ಯಾವುದರಿಂದ ಆಯಿತು ಎಂದು ಬೇಗ ಗೊತ್ತಾಗುವುದು. ಆದ್ದರಿಂದ ಮೈಕು ಸಿಕ್ಕಿದೆ ಎಂದಾಗ ಬೇಡವೆನ್ನಲಿಲ್ಲ.

ಚರಿತ್ರೆಯಿಂದಲೇ ಶುರು ಮಾಡೋಣ. ಸುಮಾರು ನಾನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಒಬ್ಬ ವೈದ್ಯರಿದ್ದರು. ಗಿಡ ಏನು ತಿಂದು ಬೆಳೆಯುತ್ತದೆ ಎಂದು ಕಂಡುಹಿಡಿಯಲು ಹೊರಟರು. ಒಣಗಿಸಿದ ಇನ್ನೂರು ಪೌಂಡು ಮಣ್ಣನ್ನು ಕುಂಡಕ್ಕೆ ತುಂಬಿ ಒಂದು ಸಸಿ ನೆಟ್ಟರು. ಐದು ವರ್ಷ ನೀರು ಬಿಟ್ಟು ಬೇರೇನನ್ನೂ ಹಾಕಲಿಲ್ಲ. ಕೊನೆಗೆ ತೂಗಿ ನೋಡಿದರೆ ಸಸಿ ಮರವಾಗಿ ನೂರೈವತ್ತು ಪೌಂಡಿಗಿಂತಲೂ ಹೆಚ್ಚು ತೂಗುತ್ತಿತ್ತು. ಮಣ್ಣಿನಲ್ಲಿ ಕಡಿಮೆಯಾಗಿದ್ದದ್ದು ಬರೀ ಎರಡು ಔನ್ಸು, ಅಂದರೆ ಒಂದು ಹಿಡಿ. ‘ಆಹಾ, ಮರವೆಲ್ಲ ನೀರಿನಿಂದಲೇ ಆಗಿದೆ’ ಎಂದು ತೀರ್ಮಾನಿಸಿದರು. ಆ ಒಂದು ಹಿಡಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಬೇರು ಮಣ್ಣಿನಿಂದ ಏನೇನು ಎತ್ತಿಕೊಂಡಿತ್ತೋ ಅದೆಲ್ಲ ಆ ಒಂದು ಹಿಡಿಯಲ್ಲೇ ಇತ್ತು ಎನ್ನುವುದು ತಿಳಿಯಲು ಜನ ಇನ್ನೂರು ವರ್ಷ ಕಾಯಬೇಕಾಯಿತು. ನಮಗೆ ಅಷ್ಟು ಪುರುಸೊತ್ತಿಲ್ಲ.

ಆಮೇಲೆ ಇಂಗ್ಲೆಂಡಿನಲ್ಲಿ ಇನ್ನೊಬ್ಬರು ಬಂದರು. ಅವರು ಪುದೀನದ ಕಡ್ಡಿಗಳನ್ನು ಬೇರೆ ಬೇರೆ ನೀರಿನಲ್ಲಿಟ್ಟರು. ಶುದ್ಧ ಮಳೆನೀರಿನಲ್ಲಿ ಪುದೀನ ಸೊರಗಿತು. ತೋಟದ ಮಣ್ಣು ಕಲಸಿದ ರಾಡಿ ನೀರಿನಲ್ಲಿ ಸೊಕ್ಕಿ ಬೆಳೆಯಿತು. ಇದರಿಂದ ನಾನು ಕಲಿತ ಪಾಠ ಏನು ಗೊತ್ತೇ? ಗಿಡಕ್ಕೆ ಮರ್ಯಾದೆ ಇಲ್ಲ. ಬೇರಿನ ಬಾಯಿಗೆ ಬಂದದ್ದನ್ನೆಲ್ಲ ಅದು ಎಳೆದುಕೊಳ್ಳುತ್ತದೆ. ಎಲೆ ಕಡು ಹಸಿರಾಗಿದೆ ಎಂದ ಮಾತ್ರಕ್ಕೆ ಒಳಗಿರುವುದೆಲ್ಲ ಸಾಚಾ ಎಂದು ಅದು ಯಾರಿಗೂ ಪ್ರಮಾಣಪತ್ರ ಬರೆದುಕೊಟ್ಟಿಲ್ಲ.

ಜರ್ಮನಿಯ ಒಬ್ಬ ದೊಡ್ಡ ಪಂಡಿತರ ಕಥೆಯನ್ನಂತೂ ಹೇಳಲೇಬೇಕು. ಗಿಡಕ್ಕೆ ಯಾವ ಪೋಷಕಾಂಶ ಕಡಿಮೆಯೋ ಅದರ ಮೇಲೆಯೇ ಇಡೀ ಬೆಳೆ ನಿಲ್ಲುತ್ತದೆ, ಮಿಕ್ಕದ್ದು ಎಷ್ಟು ಸುರಿದರೂ ದಂಡ ಎಂದು ಜಗತ್ತಿಗೆಲ್ಲ ಸಾರಿದ ಮಹಾನುಭಾವರು ಅವರು. ಅವರೇ ಒಂದು ಗೊಬ್ಬರ ತಯಾರಿಸಿದರು. ಮಳೆಗೆ ಕೊಚ್ಚಿಹೋಗಬಾರದೆಂದು ಅದನ್ನು ಬೆಂಕಿಯಲ್ಲಿ ಕರಗಿಸಿ ಎರಕ ಮಾಡಿದರು. ಮಳೆಗೆ ಅದು ಕರಗಲಿಲ್ಲ, ನಿಜ. ಬೇರಿಗೂ ಕರಗಲಿಲ್ಲ! ರೈತರು ದುಡ್ಡು ಕೊಟ್ಟು ಹೊಲಕ್ಕೆ ಜಲ್ಲಿ ಹೊಡೆಸಿಕೊಂಡಂತಾಯಿತು. ಅಷ್ಟು ಓದಿದವರೂ ತಪ್ಪು ಮಾಡುತ್ತಾರೆ ಎಂದಮೇಲೆ, ನಮ್ಮ ಬಡಾವಣೆಯಲ್ಲಿ ತಪ್ಪಾದರೆ ಅದು ಅವಮಾನವೇನೂ ಅಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ ಸೊಣ್ಣಪ್ಪನವರೇ. ನಿಮಗಾಗಿಯೇ ಹೇಳಿದ್ದು.

ಈಗ ನಮ್ಮ ತೋಟಕ್ಕೆ ಬರೋಣ. ಹೊಸದಾಗಿ ಬಾಡಿಗೆಗೆ ಬಂದವರಿಗಾಗಿ ಹೇಳುತ್ತೇನೆ. ಈ ಕಟ್ಟಡದ ಹಿಂದಿನ ಜಾಗ ಸೊಣ್ಣಪ್ಪನವರ ತಂದೆ ರಾಗಿ ಬೆಳೆಯುತ್ತಿದ್ದ ಹೊಲ. ಆಮೇಲೆ ಅಲ್ಲೊಂದು ಪ್ಲೇಟಿಂಗ್ ಶೆಡ್ ಬಂತು. ಕಬ್ಬಿಣದ ಸಾಮಾನುಗಳಿಗೆ ನಿಕ್ಕಲ್, ಕ್ರೋಮಿಯಂ ಹೊಳಪು ಕೊಡುವ ಜಾಗ. ಹೋದ ವರ್ಷ ಶೆಡ್ಡಿನವರು ಖಾಲಿ ಮಾಡಿಕೊಂಡು ದೊಡ್ಡ ಜಾಗಕ್ಕೆ ಹೋದರು. ಇನ್ನೊಬ್ಬರಾಗಿದ್ದರೆ ಆ ಜಾಗದಲ್ಲಿ ಐದಂತಸ್ತಿನ ಪೀಜಿ ಎಬ್ಬಿಸುತ್ತಿದ್ದರು. ಸೊಣ್ಣಪ್ಪನವರು, “ನಮ್ ಒಲ ಮತ್ತೆ ನೋಡ್ಬೇಕು ಕಣಮ್ಮ, ಮಕ್ಕಳು ಸೊಪ್ಪು ತಿನ್ಲಿ” ಎಂದು ಅದನ್ನು ನಮ್ಮ ಬಡಾವಣೆಯ ಶಿಶುವಿಹಾರದ ತೋಟಕ್ಕೆ ಬಿಟ್ಟುಕೊಟ್ಟರು. ಇದರಲ್ಲಿ ನನ್ನ ವ್ಯಂಗ್ಯವೇನೂ ಇಲ್ಲ. ಅವರದು ದೊಡ್ಡ ಮನಸ್ಸು. ನನ್ನ ನಿದ್ದೆ ಕೆಡಿಸಿರುವುದೂ ಅದೇ. ಕೆಟ್ಟವರಾಗಿದ್ದರೆ ಜಗಳ ಆಡಿ ಮುಗಿಸುತ್ತಿದ್ದೆ.

ನನ್ನ ಮಗಳಿಗೆ ಎರಡೂವರೆ ವರ್ಷ. ಅವಳ ವಿಚಾರವಾದಿ ನಿಲುವು ಏನೆಂದರೆ, ಯಾವ ವಸ್ತುವನ್ನೂ ಬಾಯಿಗೆ ಹಾಕಿ ನೋಡದೆ ನಂಬಬಾರದು. ಹೋದ ವಾರ ಶಿಶುವಿಹಾರದಿಂದ ಬಂದಾಗ ಅವಳ ಉಗುರಿನ ಸಂದಿಯಲ್ಲಿ ಬೂದಿ ಕಲಸಿದಂಥ ಹಸಿರು ಪುಡಿ ಇತ್ತು. ಎಲೆಯ ಹಸಿರಲ್ಲ. ಸೋಪು ಹಚ್ಚಿದೆ, ಹೋಗಲಿಲ್ಲ. ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದೆ. ಅವಳು ಅತ್ತಳು. ಎತ್ತಿಕೊಂಡು ತೋಟಕ್ಕೆ ಹೋದೆ. ದಂಟು, ಮೆಂತ್ಯ, ಪಾಲಕ್, ಅಬ್ಬಾ ಎನ್ನುವ ಹಾಗೆ ಬೆಳೆದು ನಿಂತಿದ್ದವು. ಬುಡದಲ್ಲಿ ಅದೇ ಪುಡಿ. ಬೇಲಿಯ ಪಕ್ಕದಲ್ಲಿ ಯೂರಿಯಾ ಚೀಲಗಳ ರಾಶಿ. ಅರ್ಧ ಖಾಲಿ, ಅರ್ಧ ಇನ್ನೂ ಬಾಯಿ ಕಟ್ಟಿದ್ದವು.

ಯೂರಿಯಾ ಬಿಳಿಯ ಹರಳು, ಸಭಿಕರೇ. ಹಳ್ಳಿಯಿಂದ ಬಂದ ನಿಮಗೆ ನಾನು ಹೇಳಬೇಕಾಗಿಲ್ಲ. ಬೂದಿಹಸಿರು ಯೂರಿಯಾವನ್ನು ಈ ಭೂಮಿಯ ಮೇಲೆ ಇನ್ನೂ ಯಾರೂ ತಯಾರಿಸಿಲ್ಲ.

ಸೊಣ್ಣಪ್ಪನವರನ್ನೇ ಕೇಳಿದೆ. “ಶೆಡ್ನೋರು ಬಿಟ್ಟೋಗಿದ್ರು ಕಣಮ್ಮ. ಮೂಲೇಲಿ ಜೋಡ್ಸಿದ್ರು. ಸುಮ್ನೆ ಯಾಕ್ ವೇಸ್ಟ್ ಮಾಡೋದು? ಚೀಲದ ಮ್ಯಾಲೆ ಗೊಬ್ಬರ ಅಂತ್ಲೇ ಬರ್ದೈತಲ್ಲ” ಎಂದರು. ಪ್ಲೇಟಿಂಗ್ ಶೆಡ್ಡಿನವರಿಗೆ ಗೊಬ್ಬರ ಯಾಕೆ ಬೇಕಿತ್ತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, “ಅವ್ರೂ ಎಲ್ಲೋ ಒಲ ಮಡಗಿರ್ಬೇಕು” ಎಂದರು. ಪರೀಕ್ಷೆ ಮಾಡಿಸೋಣ ಎಂದೆ. “ಪರೀಕ್ಷೆನಾ? ಈಗ್ಲೇ ಮಾಡ್ತೀನಿ ತಾಳು” ಎಂದು ಬಗ್ಗಿ, ಒಂದು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ಅವರು ನಕ್ಕು, “ಸಿಹಿ ಮಣ್ಣು ಕಣಮ್ಮ. ಉಳಿ ಇಲ್ಲ, ಚೌಳಿಲ್ಲ. ನಮ್ಮಪ್ಪನೂ ಇಂಗೇ ನೋಡ್ತಿದ್ದುದ್ದು. ನಿಮ್ ಕಾಲೇಜ್ನಲ್ಲಿ ಇದೆಲ್ಲಿ ಹೇಳ್ಕೊಡ್ತಾರೆ” ಎಂದರು.

ಹೇಳಿಕೊಡುತ್ತಾರೆ ಸೊಣ್ಣಪ್ಪನವರೇ. ನಿಮ್ಮ ತಂದೆಯವರ ಕಾಲಕ್ಕೆ ಆ ನಾಲಿಗೆ ಸರಿಯಾಗಿಯೇ ಇತ್ತು. ಹುಳಿ ಮಣ್ಣಿಗೆ ಸುಣ್ಣ ಹಾಕಿದರೆ ಸಿಹಿಯಾಗುತ್ತದೆ ಎಂದು ಅವರಿಗೂ ಗೊತ್ತಿತ್ತು, ನಮ್ಮ ಮೇಷ್ಟರಿಗೂ ಗೊತ್ತಿತ್ತು. ಆದರೆ ಪ್ಲೇಟಿಂಗ್ ತೊಟ್ಟಿಯ ಕೊಳೆನೀರಿಗೂ ಸುಣ್ಣವನ್ನೇ ಹಾಕುತ್ತಾರೆ. ಹುಳಿಯೆಲ್ಲ ಸತ್ತು, ಲೋಹವೆಲ್ಲ ಕೆಸರಾಗಿ ತಳಕ್ಕೆ ಕೂರಲಿ ಎಂದು. ಆ ಕೆಸರು ಒಣಗಿದರೆ ಅದು ಹುಳಿಯಾಗಿರುವುದಾದರೂ ಹೇಗೆ? ನಿಮ್ಮ ನಾಲಿಗೆ ಸುಣ್ಣವನ್ನು ಕಂಡಿತು, ನಿಕ್ಕಲನ್ನು ಕಾಣಲಿಲ್ಲ. ನಾಲಿಗೆಯ ತಪ್ಪಲ್ಲ. ನಿಮ್ಮಪ್ಪನವರ ರಾಗಿ ಹೊಲದಲ್ಲಿ ನಿಕ್ಕಲ್ ಇರಲಿಲ್ಲ, ಅಷ್ಟೆ.

ದೇವರಾಜ್ ಅವರೇ, ಚೀಟಿ ತಲುಪಿತು. ‘ದಯವಿಟ್ಟು ಮುಗಿಸಿ’ ಎಂದಿದೆ. ಮುಖ್ಯ ಅತಿಥಿಗಳು ಮುಕ್ಕಾಲು ಗಂಟೆ ತಮ್ಮ ಬಾಲ್ಯವನ್ನು ಬಣ್ಣಿಸಿದಾಗ ನಿಮ್ಮ ಪೆನ್ನಿನಲ್ಲಿ ಇಂಕು ಇರಲಿಲ್ಲವೇ?

ಚೀಲದಲ್ಲಿ ಕೆಸರಿದೆ ಎಂದು ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಮಣ್ಣನ್ನು ಪ್ರಯೋಗಾಲಯಕ್ಕೆ ಕೊಟ್ಟಿದ್ದೇನೆ, ಫಲಿತಾಂಶ ಬರುವುದು ಮುಂದಿನ ವಾರ. ಅದು ಬರುವ ಮೊದಲೇ ಗೊತ್ತಾಗಿದ್ದು ಹೇಗೆಂದರೆ, ಆ ಶೆಡ್ಡಿನಲ್ಲಿ ಕೆಲಸ ಮಾಡಿದ್ದ ಒಬ್ಬರು ಚೀಲಗಳನ್ನು ನೋಡಿ ಗುರುತು ಹಿಡಿದರು. ಕೆಸರನ್ನು ಮುಚ್ಚಿದ ಲಾರಿಯಲ್ಲಿ ವಿಲೇವಾರಿಗೆ ಕಳಿಸಬೇಕು ಎನ್ನುವುದು ಕಾನೂನು. ಅದಕ್ಕೆ ಖರ್ಚು ಜಾಸ್ತಿ. ಹಾಗಾಗಿ ಖಾಲಿ ಯೂರಿಯಾ ಚೀಲ ತರಿಸಿ ತುಂಬಿಸಿ ಮೂಲೆಗಿಟ್ಟಿದ್ದರು. ಚೀಲದ ಬಾಯಿಗೆ ದಾರ ಸಾಲದೆ ಹಳೆಯ ಕರೆಂಟ್ ವೈರು ಸುತ್ತಿ ಬಿಗಿದಿದ್ದರಂತೆ. ಆ ಗಂಟು ನೋಡಿದೊಡನೆ ಅವರು, “ಇವು ನಾನ ಕಟ್ಟಿದ್ದು” ಎಂದು ಅಲ್ಲೇ ಕುಕ್ಕರುಗಾಲಿನಲ್ಲಿ ಕುಳಿತುಬಿಟ್ಟರು. ಆಮೇಲೆ ರಾತ್ರಿಯೆಲ್ಲ ನನಗೂ ಅವರಿಗೂ...

ಇರಲಿ. ಬಾಯಿಂದ ಬಂದಾಯಿತು. ‘ಒಬ್ಬರು’ ಎಂದರೆ ನಮ್ಮನೆಯವರು.

ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತಿರುವವರು. ತಲೆ ಎತ್ತಿ. ಹೆಸರು ಹೇಳುವುದಿಲ್ಲ ಎಂದು ನಿಮಗೆ ಮಾತು ಕೊಟ್ಟಿದ್ದೆ. ಹೆಸರು ಹೇಳಿಲ್ಲ, ನೋಡಿ. ಹದಿನೈದು ದಿನಕ್ಕೊಮ್ಮೆ ತೊಟ್ಟಿಗಿಳಿದು ಕೆಸರು ಎತ್ತಿ ಚೀಲ ತುಂಬುತ್ತಿದ್ದ ಇವರು ಇವತ್ತೂ ಅದೇ ಶೆಡ್ಡಿನ ಯಜಮಾನರ ಹೊಸ ಫ್ಯಾಕ್ಟರಿಯಲ್ಲಿ ದುಡಿಯುತ್ತಿದ್ದಾರೆ. “ನೀ ಬಾಯಿ ಬಿಟ್ಟಿ ಅಂದ್ರ ನನ್ನ ನೌಕರಿ ಹೋಗ್ತದ, ಮ್ಯಾಲೆ ಸೊಣ್ಣಪ್ಪಗ ಸಿಟ್ಟು ಬಂದು ಮನೀನೂ ಬಿಡಸ್ತಾನ. ನಮ್ಮ ಕೂಸಿನ್ನ ನಾಳೆ ಶಾಲಿಗಿ ಕಳಸೂದು ಬ್ಯಾಡ, ಮುಗೀತಲ್ಲ?” ಎಂದರು. ನಾನು, “ಮಿಕ್ಕ ಕೂಸುಗಳು?” ಎಂದೆ. ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಮಲಗಿದರೇ ಹೊರತು ನಿದ್ದೆ ಮಾಡಲಿಲ್ಲ. ಬೆನ್ನು ನೋಡಿದರೆ ಹೆಂಡತಿಗೆ ಗೊತ್ತಾಗುತ್ತದೆ.

ನಾಳೆ ಏನು ಎಂದು ನಿಮಗೆಲ್ಲ ಗೊತ್ತು. ಹೊರಗೆ ಬ್ಯಾನರ್ ಇದೆ. ನಾಳೆ ಶಿಶುವಿಹಾರದಲ್ಲಿ ಸೊಪ್ಪಿನ ಹಬ್ಬ. ಮಕ್ಕಳಿಗೆ ಮುದ್ದೆ, ಇದೇ ತೋಟದ ಬಸ್ಸಾರು, ಪಲ್ಯ. ಆಮೇಲೆ ಮನೆಮನೆಗೆ ಒಂದೊಂದು ಕಟ್ಟು. ಫೋಟೋದವರೂ ಬರುತ್ತಾರೆ.

ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ. ನಾಳೆ ಉಂಡ ಮಗು ನಾಳೆಯೇ ಹಾಸಿಗೆ ಹಿಡಿಯುತ್ತದೆ ಎಂದು ನಾನು ಹೇಳುತ್ತಿಲ್ಲ. ಬಹುಶಃ ಏನೂ ಆಗುವುದಿಲ್ಲ. ನನ್ನ ಭಯ ಇರುವುದೇ ಅಲ್ಲಿ. ನಾಳೆ ಏನೂ ಆಗದಿದ್ದರೆ ನಾಡಿದ್ದು ನನ್ನ ಮಾತನ್ನು ಯಾರು ಕೇಳುತ್ತಾರೆ? ‘ನಿನ್ನೆ ತಿಂದ್ರಲ್ಲ ಮೇಡಂ, ಎಲ್ಲಾ ಆಡ್ಕೊಂಡವ್ರಲ್ಲ’ ಎನ್ನುತ್ತೀರಿ. ಆಮೇಲೆ ದಿನವೂ ಅದೇ ಸೊಪ್ಪು. ಸ್ವಲ್ಪ ತಾನೇ, ಚೂರು ತಾನೇ ಎಂದುಕೊಂಡು, ಒಂದು ತಟ್ಟೆಯಾದ ಮೇಲೆ ಇನ್ನೊಂದು ತಟ್ಟೆ. ಆ ಲೋಹ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ನಮಗೆ ತಿಳಿಯುವ ಹೊತ್ತಿಗೆ ಈ ಮಕ್ಕಳು ಹೈಸ್ಕೂಲಿನಲ್ಲಿರುತ್ತಾರೆ, ನಾವೆಲ್ಲ ಬೇರೆ ಬೇರೆ ಏರಿಯಾದ ಬಾಡಿಗೆ ಮನೆಗಳಲ್ಲಿರುತ್ತೇವೆ. ಆಗ ಯಾರನ್ನು ಕೇಳುವುದು? ನಿಲ್ಲಿಸುವುದಾದರೆ ಮೊದಲ ತುತ್ತಿಗೆ ಮುಂಚೆ ನಿಲ್ಲಿಸಬೇಕು. ಪರೀಕ್ಷೆಯಲ್ಲಿ ಏನೂ ಇಲ್ಲವೆಂದು ಬಂದರೆ ಮುಂದಿನ ವಾರ ಹಬ್ಬ ಮಾಡೋಣ. ನಾನೇ ಎಲ್ಲರಿಗೂ ಮುದ್ದೆ ಕಟ್ಟುತ್ತೇನೆ. ರೊಟ್ಟಿ ಬಡಿಯುವ ಕೈ, ಮುದ್ದೆ ಸ್ವಲ್ಪ ವಕ್ರವಾದರೆ ಹೊಂದಿಕೊಳ್ಳಿ.

ಶಿಶುವಿಹಾರದ ಅಡುಗೆಯ ಕೃಷ್ಣಮ್ಮನವರ ಕೈಕಾಲು ಹಿಡಿದು ಬೇಡಿಕೊಂಡೆ. “ಅಯ್ಯೋ ತಾಯಿ, ನಂಗೂ ಭಯ ಆಯ್ತದೆ. ಆದ್ರೆ ನಿನ್ ಮಾತ್ ಕಟ್ಕೊಂಡು ಸೊಪ್ ಕುಯ್ಯದಲೆ ಕೂತ್ರೆ ನಾಳಿದ್ದು ನನ್ ಕೆಲ್ಸ ಇರ್ತದಾ? ಸೊಣ್ಣಪ್ಪನೋರ್ ಬಾಯಿಂದ ಒಂದ್ ಮಾತ್ ಬರ್ಲಿ, ಕುಡ್ಲು ಮುಟ್ಟಕಿಲ್ಲ” ಎಂದರು. ಈಗ ಅವರು ನೆಲಮಂಗಲದ ಮಗಳ ಮನೆಗೆ ಹೋಗಿದ್ದಾರೆ. ಮೊದಲ ಬಸ್ಸಿಗೆ ಬಂದು, ನಮಗ್ಯಾರಿಗೂ ಬೆಳಕು ಹರಿಯುವ ಮೊದಲೇ ಮಡಿಗಿಳಿಯುತ್ತಾರೆ.

ಸೊಣ್ಣಪ್ಪನವರೇ, ನೀವು ಆ ಶಾಲನ್ನು ಮಡಿಸಿ ಪಕ್ಕಕ್ಕಿಡುತ್ತಿರುವುದು ನನಗೆ ಕಾಣುತ್ತಿದೆ. ದಯವಿಟ್ಟು ಎದ್ದು ಹೋಗಬೇಡಿ. ಬಿರುದು ನಿಮ್ಮದೇ, ಯಾರೂ ಕಿತ್ತುಕೊಳ್ಳುವುದಿಲ್ಲ. ಇಷ್ಟು ಹೊತ್ತು ನಾನು ಆಡಿದ ಕೊಂಕು ಮಾತೆಲ್ಲ ನನ್ನ ಹೆದರಿಕೆ ಮುಚ್ಚಿಕೊಳ್ಳಲು ಆಡಿದ್ದು. ಈಗ ಮುಚ್ಚಿಕೊಳ್ಳಲು ಏನೂ ಉಳಿದಿಲ್ಲ. ಇನ್ನು ಬೇಡಿಕೊಳ್ಳುವುದಷ್ಟೇ. ಕೃಷ್ಣಮ್ಮನವರ ನಂಬರು ನಿಮ್ಮ ಹತ್ತಿರ ಇದೆ. ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ. ‘ಸೊಪ್ಪು ಕುಯ್ಯಬೇಡ’ ಎಂದು ಎರಡೇ ಮಾತು ಹೇಳಿ. ಕಾರಣ ಹೇಳಬೇಡಿ. ಬೇಕಿದ್ದರೆ ನನ್ನನ್ನು ಬೈದುಕೊಂಡೇ ಮಾಡಿ. ಫೋನ್ ಮಾಡಿದ ಮೇಲೆ ಮನೆ ಖಾಲಿ ಮಾಡಿ ಎಂದರೂ ಸರಿ, ಸಾಮಾನು ಕಟ್ಟಿ ಗ್ಯಾಸ್ ಸಿಲಿಂಡರನ್ನೇ ಮೊದಲು ಕೆಳಗಿಳಿಸುತ್ತೇನೆ. ಆದರೆ ಮೊದಲು ಫೋನ್ ಮಾಡಿ, ನಮ್ಮಪ್ಪ.

ಇಷ್ಟು ಹೊತ್ತು ಕೂತು ಕೇಳಿದ ನಿಮ್ಮೆಲ್ಲರ ತಾಳ್ಮೆಗೂ, ಮೈಕಿನ ವೈರು ಇನ್ನೂ ಎಳೆಯದ ದೇವರಾಜ್ ಅವರಿಗೂ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.