ಖಾಲಿ ಬಿದ್ದ ಎಂಟನೇ ಸೀಟು

ಬಸ್ಸಿಗೆ ಕಾಯುವ ಸಾಲಿನಲ್ಲಿ ಟೈಲರ್‌ಗಿಂತ ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಆಸ್ಪತ್ರೆಯ ಲಾಂಡ್ರಿಯವರು. ಸೂರ್ಯಗ್ರಹಣ ನೋಡಲು ಅವರ ಗುಂಪು ವ್ಯಾನು ಗೊತ್ತುಮಾಡಿದೆ ಎಂದು ಕೇಳಿದ್ದೇ ತಡ, ಅವನ ಕಿವಿ ನೆಟ್ಟಗಾಯಿತು.

"ಅಕ್ಕಾ, ಒಬ್ಬಳು ಬರಲ್ಲ ಅಂದ್ಬಿಟ್ಲು. ಎಂಟು ಸೀಟಿನ ಬಾಡಿಗೆ ಏಳು ಜನರ ತಲೆ ಮೇಲೆ ಬಿತ್ತು."

"ಬೀಳಲ್ಲ ಬಿಡೇ. ಆ ಸೀಟಿಗೆ ಜನ ಸಿಕ್ಕಾಯ್ತು."

"ಸಿಕ್ಕಿ ಏನು ಬಂತು? ಏಳೂ ಜನಕ್ಕೆ ಒಂದೇ ದಿನ ರಜಾ ಕೊಡಲ್ಲ ಅಂತ ಸೂಪರ್‌ವೈಸರ್ ಪಟ್ಟು ಹಿಡಿದು ಕೂತಿದಾನಲ್ಲ!"

"ಕೊಟ್ಟ. ಹಿಂದಿನ ದಿನವೇ ಎರಡು ಪಾಳಿ ಮಾಡಿ ಬಟ್ಟೆ ಎಲ್ಲಾ ಮುಗಿಸ್ಬೇಕಂತೆ, ಅಷ್ಟೇ."

"ಆ ಸಿಡುಕನಾ? ಏನು ಮೋಡಿ ಮಾಡಿದೆ?"

"ಮೋಡಿ ಏನಿಲ್ಲ. ಒಂದು ಸೀಟು ಖಾಲಿ ಇದೆ, ನೀವೂ ಬನ್ನಿ ಸಾರ್ ಅಂದೆ."

"ಅಯ್ಯೋ, ಅವನನ್ಯಾಕೆ ಕರೆದೆ? ದಾರಿಯುದ್ದಕ್ಕೂ ಗೊಣಗ್ತಾನೆ!"

"ಗೊಣಗ್ಲಿ. ತನ್ನ ಪಾಲು ಅಲ್ಲೇ ಕೊಟ್ಟ. ಇಲ್ಲಿ ಕೆಲಸಕ್ಕೆ ಸೇರಿದ ಹನ್ನೊಂದು ವರ್ಷದಲ್ಲಿ ನನ್ನನ್ನ ಯಾರಾದ್ರೂ ಕರೆದಿದ್ದು ಇದೇ ಮೊದಲು ಅಂದ ಕಣೇ."

ಅಷ್ಟರಲ್ಲಿ ಅವರ ಬಸ್ಸು ಬಂತು.

"ಹಾಗಿದ್ರೆ ಹೋಗೋವಾಗ ಕಿಟಕಿ ಪಕ್ಕ ಅವನೇ ಕೂರ್ಲಿ ಅಕ್ಕಾ," ಎಂದಳು ಕಿರಿಯವಳು ಮೆಟ್ಟಿಲು ಹತ್ತುತ್ತ. "ಬರೋವಾಗ ಮಾತ್ರ ನಂದು."